ಎರಡನೆಯ ಮಾತ್ರೆ

ಪಯ್ಯನ್ನೂರು
18 ಜೂನ್ 2017

ಪ್ರೀತಿಯ ಮೋಳೇ ಪ್ರಜಿಷಾ,

ನಿನ್ನೆ ವಿನೀಷ್ ಫೋನಿನಲ್ಲಿ ನಿನ್ನ ರಕ್ತದ ರಿಪೋರ್ಟ್ ಓದಿದ. ಮೂತ್ರಪಿಂಡ ಸೋತಷ್ಟೂ ಏರುವ ಆ ಕ್ರಿಯಾಟಿನಿನ್ ಎರಡು ಪಾಯಿಂಟ್ ಆರು. ಮೂರು ಸಲ ಓದಿಸಿದೆ. ನಾಲ್ಕನೆಯ ಸಲ ಕೇಳಿದಾಗ ನಿನ್ನ ಗಂಡ, "ಅಚ್ಛಾ, ಎಷ್ಟು ಸಲ ಓದಿದ್ರೂ ಅದು ಕಮ್ಮಿ ಆಗಲ್ಲ" ಎಂದ. ಫೋನ್ ಇಟ್ಟಾಗ ಗ್ರಂಥಾಲಯದ ಬೆಂಚಿನಲ್ಲೇ ಇದ್ದೆ. ಕೈ ತಾನಾಗಿ ಎಡ ಪಕ್ಕೆಯ ಹೊಲಿಗೆಯ ಗುರುತಿನ ಮೇಲೆ ಹೋಗಿತ್ತು.

2011ರ ಮಾರ್ಚ್ ಒಂಬತ್ತರಂದು ನನ್ನ ಒಂದು ಮೂತ್ರಪಿಂಡ ನಿನ್ನೊಳಗೆ ಬಂತು. ಅಂದಿನಿಂದ ಈ ಏಪ್ರಿಲ್‌ವರೆಗೆ ಆ ಸಂಖ್ಯೆ ಒಂದು ಪಾಯಿಂಟ್ ಎರಡನ್ನು ದಾಟಿರಲಿಲ್ಲ. ಪ್ರತಿಯೊಂದು ರಿಪೋರ್ಟೂ ನನ್ನ ನೋಟ್‌ಬುಕ್ಕಿನಲ್ಲಿದೆ. ಎರಡೇ ತಿಂಗಳಲ್ಲಿ ಇದು ಹೇಗಾಯಿತು?

ಮನೆಗೆ ಹೋಗಿ ಹೇಳಿದಾಗ ನಿನ್ನಮ್ಮ, "ಅಪ್ಪಂದು ಮಗಳಿಗೆ ಒಗ್ಗದೇ ಇರತ್ತಾ? ಏನ್ರೀ ಹೀಗಂದ್ರೆ?" ಎಂದು ಅಡುಗೆಮನೆಯಿಂದ ಬಂದು ಕೇಳಿದಳು. ಕೂರಿಸಿ ಹೇಳಿದೆ. ಮೈಯೊಳಗಿನ ಕಾವಲುಗಾರರಿಗೆ ಅಪ್ಪ ಮಗಳು ಎಂಬ ಸಂಬಂಧ ಗೊತ್ತಿಲ್ಲ. ನನ್ನ ಗುರುತಿನಲ್ಲಿ ಅರ್ಧ ಮಾತ್ರ ನಿನಗೆ ಹೊಂದುತ್ತದೆ; ಉಳಿದರ್ಧ ಕಂಡಾಗ ಅವರು ಕಳ್ಳ ನುಗ್ಗಿದನೆಂದೇ ತಿಳಿಯುತ್ತಾರೆ. ಅದಕ್ಕೇ ಮೂರು ಔಷಧ. ಮೊದಲನೆಯದು ಟ್ಯಾಕ್ರೋಲಿಮಸ್, ಕಳ್ಳ ಬಂದ ಎಂಬ ಕೂಗು ಒಬ್ಬರಿಂದ ಒಬ್ಬರಿಗೆ ಮುಟ್ಟದ ಹಾಗೆ ನೋಡಿಕೊಳ್ಳುತ್ತದೆ. ಎರಡನೆಯದು ಮೈಕೋಫಿನೋಲೇಟ್, ಕೂಗು ಕೇಳಿದವರು ಒಬ್ಬ ನೂರಾಗಿ ಹೆಚ್ಚದ ಹಾಗೆ ತಡೆಯುತ್ತದೆ. ಮೂರನೆಯದು ಸ್ಟಿರಾಯ್ಡ್, ಅದು ಇಡೀ ಜಗಳವನ್ನೇ ತಣ್ಣಗಿಡುತ್ತದೆ. ಕಾವಲು ಪೂರ್ತಿ ಮಲಗಿದರೆ ನೆಗಡಿಯೂ ನಿನ್ನನ್ನು ಕೊಲ್ಲುತ್ತದೆ, ಪೂರ್ತಿ ಎದ್ದರೆ ಮೂತ್ರಪಿಂಡ ಹೋಗುತ್ತದೆ. ಜೀವನಪೂರ್ತಿ ಅರೆನಿದ್ದೆಯಲ್ಲಿಡಬೇಕು. ನಿನ್ನಮ್ಮ ಎಲ್ಲ ಕೇಳಿ, "ಹಾಗಾದ್ರೆ ಯಾರೋ ಎಚ್ಚರ ಆಗಿದಾರೆ" ಎಂದಳು.

ಎಚ್ಚರಿಸಿದವರು ಯಾರೆಂದು ನನಗೆ ಗೊತ್ತು. ಮಾರ್ಚಿನಿಂದ ಆಸ್ಪತ್ರೆಯ ಕೌಂಟರಿನಲ್ಲಿ ಬೇರೆ ಕಂಪನಿಯ ಮಾತ್ರೆ ಕೊಡುತ್ತಿದ್ದಾರೆ. ನೀನು ಮಾತ್ರೆ ತಪ್ಪಿಸುವವಳಲ್ಲ, ಗಡಿಯಾರಕ್ಕೆ ನಿನ್ನನ್ನು ನೋಡಿ ಕೀಲಿ ಕೊಡಬಹುದು. ಮಾತ್ರೆಯಲ್ಲೇ ಮೋಸವಿದೆ. ಮುಂಬಯಿಯಲ್ಲಿ 1986ರಲ್ಲಿ ಕಲಬೆರಕೆ ಗ್ಲಿಸರಾಲ್ ಕುಡಿಸಿ ಹದಿನಾಲ್ಕು ರೋಗಿಗಳನ್ನು ಕೊಂದದ್ದನ್ನು ಈ ದೇಶ ಮರೆತಿರಬಹುದು, ನಾನು ಮರೆತಿಲ್ಲ. ನಮ್ಮ ಮಗ್ಗುಲಲ್ಲೇ ಗೋಡಂಬಿ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದು ಇಪ್ಪತ್ತು ವರ್ಷ ಅದನ್ನು ಔಷಧ ಎಂದೇ ಕರೆದರು.

ನೀನು ಯಾರ ಹತ್ತಿರವೂ ಏನೂ ಮಾತಾಡಬೇಡ. ಮಾತಾಡಲು ನಾನಿದ್ದೇನೆ. ಗುರುವಾರ ಆಸ್ಪತ್ರೆಗೆ ಬರುತ್ತೇನೆ.

ನಿನ್ನ ಅಚ್ಛ
ಪವಿತ್ರನ್


ಆಸ್ಪತ್ರೆ, ಏಳನೆಯ ವಾರ್ಡ್
27 ಜೂನ್ 2017

ಅಚ್ಛಾ,

ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದಿದ್ದರಲ್ಲ, ಅದರ ಫಲಿತಾಂಶ ಬಂತು. ಮೈ ಅದನ್ನು ತಿರಸ್ಕರಿಸಲು ಶುರುಮಾಡಿದೆ. ಮೂರು ದಿನ ರಕ್ತನಾಳದಲ್ಲಿ ಸ್ಟಿರಾಯ್ಡ್ ಹನಿಸಿದರು. ಬಾಯೆಲ್ಲ ತುಕ್ಕು ಕಬ್ಬಿಣ ನೆಕ್ಕಿದ ಹಾಗಿದೆ. ಹಸಿವು ಮಾತ್ರ ವಿಪರೀತ. ವಿನೀಷ್ ತಂದ ಪುಟ್ಟು, ಕಡಲೆ ಪಲ್ಯ ಎಲ್ಲ ತಿಂದು, ಪಕ್ಕದ ಮಂಚದವರ ಗಂಜಿಯನ್ನೂ ನೋಡುತ್ತ ಕೂತಿದ್ದೆ. ಅವರು, "ಬಾ ಮೋಳೇ, ನಾಚ್ಕೊಬೇಡ, ಈ ಔಷಧ ನಮ್ಗೂ ಕೊಟ್ಟಿದ್ರು" ಎಂದು ಅರ್ಧ ಕೊಟ್ಟರು.

ಔಷಧದ ಬಗ್ಗೆ ಆಸ್ಪತ್ರೆಗೆ ದೂರು ಕೊಡಬೇಡಿ. ಅಷ್ಟೇ ಕೇಳುತ್ತೇನೆ.

ಗುರುವಾರ ನೀವು ಬಂದಾಗ ಒಂದು ವಿಷಯ ಹೇಳಬೇಕೆಂದಿದ್ದೆ. ನೀವು ಎರಡು ಗಂಟೆ ಇದ್ದಿರಿ. ಮೊದಲು ಹೌಸ್ ಸರ್ಜನ್ನನ್ನು ಬೈದಿರಿ, ಆಮೇಲೆ ಔಷಧ ಕಂಪನಿಗಳನ್ನು, ಆಮೇಲೆ ಕೇಂದ್ರ ಸರ್ಕಾರವನ್ನು. ಅಷ್ಟರಲ್ಲಿ ನಿಮ್ಮ ರೈಲಿಗೆ ಹೊತ್ತಾಯಿತು.

ಫೋನ್ ಮಾಡಬೇಡಿ ಅಚ್ಛಾ. ಫೋನಿನಲ್ಲಿ ನನ್ನ ಪಾಲಿಗೆ ಬರುವುದು "ಹೂಂ" ಮಾತ್ರ. ಬರೆಯಿರಿ.

ಪ್ರಜಿಷಾ


ಪಯ್ಯನ್ನೂರು
5 ಜುಲೈ 2017

ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ,

ಮಾನ್ಯರೇ,

ನಾನು ಹದಿನಾರನೆಯ ವಯಸ್ಸಿನಿಂದ ಇಪ್ಪತ್ತೆರಡು ವರ್ಷ ಬೀಡಿ ಶೆಡ್ಡಿನಲ್ಲಿ, ಎಲೆ ಕತ್ತರಿಸಿ ಸುತ್ತುವ ನಲವತ್ತು ಜನರಿಗೆ ಪತ್ರಿಕೆ, ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳಿದವನು. ಬೆಳಿಗ್ಗೆ ಸುದ್ದಿ, ಮಧ್ಯಾಹ್ನ ಕಾದಂಬರಿ. ನನ್ನ ಪಾಲಿನ ಬೀಡಿಯನ್ನು ಅವರೇ ಸುತ್ತಿಕೊಡುತ್ತಿದ್ದರು. ನಾನು ಓದುವಾಗ ಕೆಮ್ಮು ಬಂದವನೂ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದ. ಆದ್ದರಿಂದ ಸರ್ಕಾರಿ ಕಾಗದದ ಭಾಷೆ ನನಗೆ ತಿಳಿಯುವುದಿಲ್ಲವೆಂದು ದಯವಿಟ್ಟು ಭಾವಿಸಬೇಡಿ.

ನನ್ನ ಮಗಳು ಪ್ರಜಿಷಾಳಿಗೆ ತಮ್ಮ ಕೌಂಟರಿನಲ್ಲಿ ಮಾರ್ಚಿನಿಂದ ಕೊಟ್ಟ ಔಷಧ ಕಳಪೆಯದು ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಆರು ವರ್ಷದಲ್ಲಿ ಅವಳ ಒಂದೇ ಒಂದು ಭೇಟಿಯನ್ನೂ ನಾನು ತಪ್ಪಿಸಿಲ್ಲ. ಪ್ರತಿ ಸಲವೂ ವೈದ್ಯರ ಮುಂದೆ ನಿಂತು, ಕೇಳಬೇಕಾದ್ದನ್ನೆಲ್ಲ ಕೇಳಿದ್ದೇನೆ. ನಮ್ಮ ಕಡೆಯಿಂದ ಲೋಪವಾಗಿಲ್ಲ. ಲೋಪ ಎಲ್ಲಿ ಎಂದು ತೋರಿಸಲು ಅವಳ ಸಂಪೂರ್ಣ ಫೈಲಿನ ಪ್ರತಿಯನ್ನು ಮಾಹಿತಿ ಹಕ್ಕಿನ ಪ್ರಕಾರ ಕೋರುತ್ತೇನೆ. ಒಂದು ಹಾಳೆಯೂ ಬಿಟ್ಟುಹೋಗಬಾರದು.

ಇತಿ,
ಸಿ. ಪವಿತ್ರನ್
ಗ್ರಂಥಾಲಯ ಕಾರ್ಯದರ್ಶಿ ಹಾಗೂ ಮೂತ್ರಪಿಂಡ ದಾನಿ


ಅಂಗಾಂಗ ಕಸಿ ವಿಭಾಗ
22 ಜುಲೈ 2017

ಶ್ರೀ ಪವಿತ್ರನ್ ಅವರಿಗೆ,

ಸೂಪರಿಂಟೆಂಡೆಂಟರ ಪರವಾಗಿ, ವಿಭಾಗದ ಸಂಯೋಜಕಿಯಾಗಿ ನಾನು ಬರೆಯುತ್ತಿದ್ದೇನೆ. ಟ್ಯಾಕ್ರೋಲಿಮಸ್ ಮಾತ್ರೆ ಬದಲಾದದ್ದು ನಿಜ. ಬದಲಾದ ಮೇಲೆ ನಿಮ್ಮ ಮಗಳ ರಕ್ತದಲ್ಲಿ ಅದರ ಪ್ರಮಾಣವನ್ನು ಮೂರು ಸಲ ಅಳೆದಿದ್ದೇವೆ. ಮೂರು ಸಲವೂ ಸರಿಯಾಗಿತ್ತು. ಮೈಕೋಫಿನೋಲೇಟ್ ಕಂಪನಿ ಬದಲಾಗಿಲ್ಲ. ಅದರ ಪ್ರಮಾಣವನ್ನು ಸಾಮಾನ್ಯವಾಗಿ ರಕ್ತದಲ್ಲಿ ಅಳೆಯುವುದಿಲ್ಲ. ರೋಗಿ ಹೇಳಿದ್ದನ್ನು ನಂಬುತ್ತೇವೆ.

ಫೈಲ್ ಪ್ರಜಿಷಾ ಅವರದು. ಅವರಿಗೆ ಇಪ್ಪತ್ತೆಂಟು ವರ್ಷ. ಅವರ ಒಪ್ಪಿಗೆಯಿಲ್ಲದೆ ತಂದೆಗೂ ಕೊಡುವಂತಿಲ್ಲ. ಹಾಗೆಂದು ತಮಗೆ ಉತ್ತರಿಸಿ ಮುಗಿಸಬೇಕೆಂದಿದ್ದೆವು. ಆದರೂ ಒಂದು ಮಾತು ಅವರನ್ನು ಕೇಳಿದೆ. ಅವರು, "ಕೊಡಿ ಸಿಸ್ಟರ್, ಓದ್ಲಿ. ಅಚ್ಛ ಎಲ್ಲಾನೂ ಓದ್ತಾರೆ" ಎಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ.

ಎಂಬತ್ತನಾಲ್ಕು ಪುಟ. ಯಾವುದೂ ಬಿಟ್ಟಿಲ್ಲ.

ಎಲ್ಸಿ ಚಾಕೊ


ಪಯ್ಯನ್ನೂರು
3 ಆಗಸ್ಟ್ 2017

ಪ್ರಜಿಷಾ,

ಎಂಬತ್ತನಾಲ್ಕು ಪುಟ ಓದಿದೆ. ಹೊಸ ಕೆಂಪು ಪೆನ್ನು ತಂದಿಟ್ಟುಕೊಂಡು, ಅವರ ತಪ್ಪುಗಳಿಗೆ ಗೀಟು ಎಳೆಯಲು ಕೂತಿದ್ದೆ.

ಎಪ್ಪತ್ತೊಂಬತ್ತನೆಯ ಪುಟದಲ್ಲಿ, ಜೂನ್ ಇಪ್ಪತ್ತಾರರ ದಿನಾಂಕದ ಕೆಳಗೆ ಡಾಕ್ಟರ್ ಅನ್ವರ್ ಬರೆದಿದ್ದಾರೆ: "ಜನವರಿಯಿಂದ ಮೇ ತಿಂಗಳವರೆಗೆ ಮೈಕೋಫಿನೋಲೇಟ್ ತಾನೇ ನಿಲ್ಲಿಸಿದ್ದಾಗಿ ರೋಗಿ ಇಂದು ತಿಳಿಸಿದರು. ಮಗು ಬೇಕೆಂಬ ಕಾರಣಕ್ಕೆ. ನಮಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. ಉತ್ತರವಿಲ್ಲ."

ತಾನೇ ನಿಲ್ಲಿಸಿದ್ದಾಗಿ. ಈ ಎರಡು ಪದವನ್ನು ಎಷ್ಟು ಹೊತ್ತು ನೋಡಿದೆನೋ. ಏನು ಹುಡುಗಿ ನೀನು? ಐದು ತಿಂಗಳು! ಗಡಿಯಾರ ನೋಡಿ ಮಾತ್ರೆ ನುಂಗುವ ನಾಟಕವಾಡಿ, ಎಲ್ಲರ ಮುಂದೆ "ತಗೊಂಡೆ" ಎಂದು ಹೇಳಿ! ನನ್ನ ಮೈ ಕೊಯ್ಸಿ ಕೊಟ್ಟದ್ದನ್ನು ನೀನು

(ನಾಲ್ಕನೆಯ ತಾರೀಖು)

ಮೇಲಿನದನ್ನು ನಿನ್ನೆ ಅಲ್ಲಿಗೇ ಬಿಟ್ಟೆ. ಹರಿದು ಹಾಕೋಣವೆಂದುಕೊಂಡೆ. ಬೇಡ, ಇರಲಿ. ನಾನು ಏನು ಬರೆಯಲು ಹೊರಟಿದ್ದೆ ಎಂಬುದು ನಿನಗೆ ಗೊತ್ತಾಗಲಿ.

ಇವತ್ತು ಬೆಳಿಗ್ಗೆ ಮತ್ತೆ ಮೊದಲಿನಿಂದ ಓದಿದೆ. ನಿನ್ನೆ ನನ್ನ ಕಣ್ಣು ಅಂಕಿಗಳ ಮೇಲೆ ಮಾತ್ರ ಓಡಿತ್ತು. ಇವತ್ತು ಮೂವತ್ತೊಂದನೆಯ ಪುಟದಲ್ಲಿ ನಿಂತಿತು. 2014ರ ಅಕ್ಟೋಬರ್, ನಿನ್ನ ಮದುವೆಗೆ ಆರು ವಾರ ಮೊದಲು.

"ಮದುವೆ ನಿಶ್ಚಯವಾಗಿದೆ. ಗರ್ಭಧಾರಣೆಯ ವಿಷಯ ಎತ್ತಿದೆ. ತಂದೆ ಅಡ್ಡ ಬಂದು: 'ಅಂಥ ವಿಚಾರವೇ ಇಲ್ಲ ಡಾಕ್ಟ್ರೇ. ಅವಳು ಬದುಕಿದ್ರೆ ಸಾಕು. ಮುಂದಿನದು ಹೇಳಿ.' ಚರ್ಚೆ ಮುಂದುವರಿಯಲಿಲ್ಲ. ಬದಲಿ ಔಷಧದ ಬಗ್ಗೆ ರೋಗಿಯೊಬ್ಬರಿಗೇ ಹೇಳಬೇಕು."

ಮೋಳೇ, ಇದು ನನಗೆ ನೆನಪಿಲ್ಲ. ಯಾವ ವರ್ಷ ಯಾವ ಮಂತ್ರಿ ಏನು ಸುಳ್ಳು ಹೇಳಿದ ಎಂದು ಕೇಳಿದರೆ ಈಗಲೂ ತಾರೀಖಿನ ಸಮೇತ ಹೇಳುತ್ತೇನೆ. ನಾನೇ ಆಡಿದ ಈ ಮಾತು ನೆನಪಿಲ್ಲ. ಅಲ್ಲಿರುವ ಮಾತಿನ ಧಾಟಿ ಮಾತ್ರ ನನ್ನದೇ. ಸುಳ್ಳೆಂದು ಹೇಳಲಾರೆ.

ಅದಕ್ಕಿಂತ ಮುಂದಿನದು ಕೇಳು. ಆಮೇಲಿನ ಪ್ರತಿ ಭೇಟಿಯ ಕೆಳಗೂ ಒಂದೇ ಸಾಲು. "ತಂದೆ ಜೊತೆಗಿದ್ದಾರೆ. ಮುಂದಿನ ಸಲ." ಮತ್ತೆ ಎರಡು ತಿಂಗಳಿಗೆ, "ತಂದೆ ಜೊತೆಗಿದ್ದಾರೆ." ಕೊನೆಕೊನೆಗೆ ಅದೂ ಚಿಕ್ಕದಾಗಿ "ತಂದೆ ಇದ್ದಾರೆ" ಎಂದಿದೆ. ಹದಿನಾಲ್ಕು ಸಲ ಎಣಿಸಿದೆ. ನಾನು ಒಂದೇ ಒಂದು ಭೇಟಿಯನ್ನೂ ತಪ್ಪಿಸಿಲ್ಲವೆಂದು ಸೂಪರಿಂಟೆಂಡೆಂಟರಿಗೆ ಎದೆತಟ್ಟಿ ಬರೆದಿದ್ದೆನಲ್ಲ.

ನಿನ್ನಮ್ಮ ಪಕ್ಕದಲ್ಲಿ ನಿಂತು, "ಏನ್ ಬರ್ದಿದಾರೆ? ಬಾಯ್ಬಿಟ್ಟು ಓದಿ" ಎಂದಳು. ಓದಲಾಗಲಿಲ್ಲ. ನಲವತ್ತು ಜನರಿಗೆ ಓದಿದ ಬಾಯಿ ಇದು.

ಆದರೆ ಒಂದು ಕೇಳುತ್ತೇನೆ. ಹದಿನಾಲ್ಕು ಸಲ ಬರೆದುಕೊಂಡ ಆ ಮನುಷ್ಯನಿಗೆ, ಒಂದು ಸಲ "ಸ್ವಲ್ಪ ಹೊರಗಿರಿ" ಎನ್ನಲು ಆಗಲಿಲ್ಲವೇ? ನಿನಗೂ ಆಗಲಿಲ್ಲವೇ?

ಅಚ್ಛ


ಮಂಜೇರಿ
14 ಆಗಸ್ಟ್ 2017

ಅಚ್ಛಾ,

ಆಗಲಿಲ್ಲ. ಹೇಗೆ ಆಗುತ್ತಿತ್ತು ಎಂದು ನೀವೇ ಹೇಳಿ.

ಆ ಕೋಣೆಯಲ್ಲಿ ರೋಗಿಗೆ ಒಂದು ಸ್ಟೂಲು. ನಾನು ಕೂರುತ್ತೇನೆ, ನೀವು ಹಿಂದೆ ನಿಲ್ಲುತ್ತೀರಿ. ಡಾಕ್ಟರ್ ನನ್ನನ್ನು ಕೇಳುತ್ತಾರೆ, ಉತ್ತರ ನನ್ನ ತಲೆಯ ಮೇಲಿನಿಂದ ಹೋಗುತ್ತದೆ. "ಮೂತ್ರ ಸರಿಯಾಗಿ ಹೋಗ್ತಿದೆಯಾ?" "ಹೋಗ್ತಿದೆ ಡಾಕ್ಟ್ರೇ, ದಿನಕ್ಕೆ ಎರಡೂವರೆ ಲೀಟರ್." ಮುಟ್ಟಿನ ಬಗ್ಗೆ ಒಮ್ಮೆ ಕೇಳಿದಾಗಲೂ ಉತ್ತರಿಸಿದ್ದು ನೀವೇ, ನೋಟ್‌ಬುಕ್ ನೋಡಿ. ನನಗಾಗ ಇಪ್ಪತ್ತಮೂರು ವರ್ಷ. ನೆಲ ನೋಡುತ್ತ ಕೂತಿದ್ದೆ. ನೀವು ನಾಚಿಕೆಗೇಡಿನ ಕೆಲಸ ಮಾಡುತ್ತಿದ್ದೀರೆಂದು ನನಗೆ ಅನ್ನಿಸಲಿಲ್ಲ. ನಿಮ್ಮ ಮೈಯ ಒಂದು ತುಂಡು ನನ್ನೊಳಗಿದೆ, ಅದರ ಲೆಕ್ಕ ನೀವು ಕೊಡುತ್ತಿದ್ದೀರಿ ಎಂದುಕೊಂಡೆ. ಮೈ ಕೊಟ್ಟವರ ಬಾಯಿ ಮುಚ್ಚಿಸುವುದು ಹೇಗೆ?

ಆ ಅಕ್ಟೋಬರ್ ನನಗೆ ನೆನಪಿದೆ. ನೀವು "ಬದುಕಿದ್ರೆ ಸಾಕು" ಎಂದಿರಿ. ಮದುವೆಯಾದ ಮೇಲೆ ವಿನೀಷ್ ಕೂಡ, "ನೀನಿದ್ರೆ ಸಾಕು ಕಣೇ, ಮಗು ಗಿಗು ಯಾಕೆ?" ಎಂದ. ನನ್ನ ಮೇಲೆ ಪ್ರಾಣವಿಟ್ಟ ಇಬ್ಬರು ಗಂಡಸರು ನನಗೆ ಇಷ್ಟು ಸಾಕು ಎಂದು ತೀರ್ಮಾನಿಸಿದ್ದರು. ಸಾಕಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಸಾಕಾಗಿರಲಿಲ್ಲ ಅಚ್ಛಾ.

ಈ ಜನವರಿಯಲ್ಲಿ ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದೆ. ಯಾವ ಔಷಧವಾದರೂ ಚೀಟಿ ಓದದೆ ನುಂಗಬೇಡ ಎಂದು ಕಲಿಸಿದವರು ನೀವೇ. ಇರುವೆಯಂಥ ಅಕ್ಷರ. ಎರಡನೆಯ ಮಾತ್ರೆ ಹೊಟ್ಟೆಯೊಳಗಿನ ಮಗುವಿಗೆ ಹಾನಿ ಮಾಡುತ್ತದೆ, ಕಿವಿ ಮತ್ತು ತುಟಿ ಸರಿಯಾಗಿ ಮೂಡದಿರಬಹುದು, ಗರ್ಭ ಧರಿಸುವ ಆರು ವಾರ ಮೊದಲೇ ನಿಲ್ಲಿಸಬೇಕು ಎಂದಿತ್ತು. ವೈದ್ಯರನ್ನು ಕೇಳಿ ಎಂದೂ ಇತ್ತು. ಅದನ್ನು ಓದುವಷ್ಟರಲ್ಲಿ ನನ್ನ ಕಣ್ಣ ಮುಂದೆ ಬೇರೇನೋ ಬಂದಿತ್ತು. ನನಗೆ ಹನ್ನೊಂದು ವರ್ಷವಿದ್ದಾಗ ಕಾಸರಗೋಡಿನ ಕಡೆ ಚಿತ್ರ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದಿರಲ್ಲ, ಆ ವಿಷದಿಂದ ಅಂಗ ಊನವಾಗಿ ಹುಟ್ಟಿದ ಗೋಡಂಬಿ ತೋಟದ ಮಕ್ಕಳ ಚಿತ್ರಗಳು. "ಚೆನ್ನಾಗಿ ನೋಡ್ಕೋ, ಮರೀಬಾರ್ದು" ಎಂದಿದ್ದಿರಿ. ನಾನು ಮರೆತಿಲ್ಲ. ಆ ಮಾತ್ರೆಯನ್ನು ಇನ್ನೊಂದು ದಿನವೂ ನುಂಗಲು ನನ್ನಿಂದಾಗಲಿಲ್ಲ. ಬೆಳಿಗ್ಗೆ ಎರಡು, ಸಂಜೆ ಎರಡು, ಬಿಡಿಸಿ ಕಕ್ಕಸಿಗೆ ಹಾಕುತ್ತಿದ್ದೆ. ಉಳಿದೆರಡು ಔಷಧ ಒಂದು ನಿಮಿಷ ತಪ್ಪದೆ ನುಂಗಿದೆ. ಮೂರರಲ್ಲಿ ಎರಡು ಸಾಕಾಗಬಹುದು ಎಂದುಕೊಂಡೆ. ಮಾರ್ಚ್, ಏಪ್ರಿಲ್ ರಿಪೋರ್ಟ್ ಚೆನ್ನಾಗಿಯೇ ಬಂತು. ಧೈರ್ಯ ಹೆಚ್ಚಿತು. ಬಸಿರಾಗಲಿಲ್ಲ, ಅದು ಬೇರೆ.

ಈಗ ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಮೇ ತಿಂಗಳಲ್ಲಿ ರಕ್ತ ಕೊಡುವ ಸಾಲಿನಲ್ಲಿ ನನ್ನ ಮುಂದೆ ಸಫಿಯಾ ಎಂಬವಳು, ತೋಳಲ್ಲಿ ಎಂಟು ತಿಂಗಳ ಮಗು. ನೀವು ಚೀಟಿ ಮಾಡಿಸಲು ಹೋಗಿದ್ದಿರಿ. ಅವಳದು ಕಸಿಯಲ್ಲ, ಲೂಪಸ್. ಬೇರೆಯವರ ಅಂಗವೇ ಇಲ್ಲದೆ ಅವಳ ಕಾವಲುಗಾರರು ಅವಳ ಮೇಲೆಯೇ ತಿರುಗಿ ಬೀಳುತ್ತಾರಂತೆ. ಅದಕ್ಕೂ ನಮ್ಮವೇ ಮಾತ್ರೆ. ನಾನು ಮಗುವಿನ ಕಿವಿಯನ್ನೇ ನೋಡುತ್ತಿದ್ದೆ. ಅವಳಿಗೆ ಗೊತ್ತಾಗಿ ನಕ್ಕಳು.

"ಏನೇ, ಕಿವಿ ಎಣಿಸ್ತಿದೀಯಾ? ಎರಡೂ ಇವೆ."

"ನೀನು ಮಾತ್ರೆ ನಿಲ್ಲಿಸಿದ್ಯಾ?"

"ನಿಲ್ಸೋದಾ? ಹುಚ್ಚು ಹಿಡಿದಿದೆಯಾ? ನಿಲ್ಸಿದ್ರೆ ನಾನೇ ಇರ್ತಿರ್ಲಿಲ್ಲ. ಮಗು ಬೇಕು ಅಂದೆ, ಬದಲಾಯ್ಸಿ ಕೊಟ್ರು. ಅಜಥಯೋಪ್ರಿನ್ ಅಂತ. ಹಳೇ ಮಾತ್ರೆ, ಇದೇ ಕೌಂಟರಲ್ಲೇ ಸಿಗತ್ತೆ. ನಿಂಗ್ಯಾರೂ ಹೇಳಿಲ್ವಾ?"

ಬದಲಿ ಇತ್ತು ಅಚ್ಛಾ. ನನ್ನ ಹುಟ್ಟಿಗೂ ಮೊದಲಿನಿಂದ ಇದ್ದ ಮಾತ್ರೆ, ನಾನು ಪ್ರತಿ ತಿಂಗಳು ಕೈಚಾಚುವ ಅದೇ ಕಿಟಕಿಯ ಹಿಂದೆ. ನಾನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಆ ದಿನವೇ ಒಳಗೆ ಹೋಗಿ ಹೇಳಬೇಕಿತ್ತು. ನೀವು ಹಿಂದೆ ನಿಂತಿದ್ದಿರಿ. "ಎಲ್ಲಾ ಸರಿಯಿದೆ ಡಾಕ್ಟ್ರೇ" ಎಂದಿರಿ. ಎದ್ದು ಬಂದೆ. ಮನೆಗೆ ಬಂದು ಆ ಮಾತ್ರೆ ಮತ್ತೆ ಶುರುಮಾಡಿದೆ. ಹೊತ್ತು ಮೀರಿತ್ತು.

ನಿಲ್ಲಿಸಿದ್ದು ನಾನು. ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಬಾಯಿದ್ದೂ ಬಳಸಲಿಲ್ಲ. ಆದರೆ ನೀವು ಅರ್ಧಕ್ಕೆ ಬಿಟ್ಟ ಆ ವಾಕ್ಯವನ್ನು ಪೂರ್ತಿ ಮಾಡಿ ನೋಡಿ, ಮನಸ್ಸಿನಲ್ಲಿ. ಕೊಟ್ಟದ್ದು ಕೊಟ್ಟದ್ದೇ ಹೌದಾ, ಅಥವಾ ನನ್ನೊಳಗೆ ಇಟ್ಟದ್ದಾ?

ಮುಂದಿನ ತಪಾಸಣೆ ಓಣಂ ಕಳೆದು, ಸೆಪ್ಟೆಂಬರ್ ಹನ್ನೆರಡಕ್ಕೆ. ಮೂತ್ರಪಿಂಡ ಉಳಿದಿದೆಯೇ, ಎಷ್ಟು ಉಳಿದಿದೆ ಎಂದು ಆವತ್ತು ಗೊತ್ತಾಗುತ್ತದೆ. ನಾನೊಬ್ಬಳೇ ಒಳಗೆ ಹೋಗುತ್ತೇನೆ. ವಿನೀಷನಿಗೂ ಹೇಳಿದ್ದೇನೆ.

ಪ್ರಜಿಷಾ


ಪಯ್ಯನ್ನೂರು
29 ಆಗಸ್ಟ್ 2017

ಮೋಳೇ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ಬರೆದು ಬರೆದು ಹರಿದೆ. ಎಲ್ಲದರಲ್ಲೂ ನಾನು ಆಪರೇಷನ್ನಿನ ದಿನದಿಂದಲೇ ಶುರುಮಾಡುತ್ತಿದ್ದೆ.

ಆ ವಾಕ್ಯವನ್ನು ಪೂರ್ತಿ ಮಾಡಿ ನೋಡಿದೆ. ಅದನ್ನು ಯಾರಿಗೂ ಓದಿ ಹೇಳುವಂತಿಲ್ಲ.

ದೂರನ್ನು ವಾಪಸು ಪಡೆದಿದ್ದೇನೆ. ಅದರ ಬದಲು ಇನ್ನೊಂದು ಕಾಗದ ಕೊಟ್ಟಿದ್ದೇನೆ, ಬೈಯಬೇಡ. ಪ್ರತಿ ರೋಗಿಯನ್ನೂ, ಕರೆದುಕೊಂಡು ಬಂದವರು ಯಾರೇ ಆಗಿರಲಿ, ಅಂಗ ಕೊಟ್ಟವರೇ ಆಗಿರಲಿ, ಐದು ನಿಮಿಷ ಹೊರಗೆ ಕೂರಿಸಿ ಒಬ್ಬರನ್ನೇ ವೈದ್ಯರು ಮಾತಾಡಿಸಬೇಕು. ಬಾಗಿಲಿಗೆ ಹಾಗೆಂದು ಬೋರ್ಡ್ ಹಾಕಬೇಕು. ಹದಿನಾಲ್ಕು ಸಲ "ತಂದೆ ಇದ್ದಾರೆ" ಎಂದು ಬರೆದ ವೈದ್ಯರಿಗೆ ಆ ಬೋರ್ಡ್ ಇದ್ದರೆ ಧೈರ್ಯ ಬರುತ್ತದೆ. ನಿನ್ನ ಹೆಸರು ಹಾಕಿಲ್ಲ. ನನ್ನ ಹೆಸರು ಹಾಕಿ, ತಪ್ಪು ಮಾಡಿದ ತಂದೆ ಎಂದೇ ಬರೆದಿದ್ದೇನೆ. ಸಿಸ್ಟರ್ ಎಲ್ಸಿ ಫೋನ್ ಮಾಡಿ, "ಪವಿತ್ರೇಟ್ಟಾ, ಇದನ್ನ ನಾವು ಬರೆದ್ರೆ ಯಾರೂ ಓದ್ತಿರ್ಲಿಲ್ಲ" ಎಂದರು.

ಹನ್ನೆರಡಕ್ಕೆ ಬರುತ್ತೇನೆ. ಹೊರಗೆ ಕೂರುತ್ತೇನೆ. ಅದೂ ಬೇಡವೆಂದರೆ ಒಂದು ಕಾರ್ಡ್ ಹಾಕು, ಬರುವುದಿಲ್ಲ.

ಅಚ್ಛ


ಮಂಜೇರಿ
15 ಸೆಪ್ಟೆಂಬರ್ 2017

ಪ್ರೀತಿಯ ಅಚ್ಛಾ,

ಹೆಸರು ಕೂಗಿದಾಗ ನೀವೂ ಎದ್ದು ನಿಂತಿರಿ. ನೋಡಿದೆ. ಆಮೇಲೆ ಬೆಂಚಿನ ಅಂಚು ಹಿಡಿದು ಕೂತಿರಿ.

ಒಳಗೆ ಡಾಕ್ಟರ್ ಅನ್ವರ್ ಬಾಗಿಲ ಕಡೆ ನೋಡುತ್ತಲೇ ಇದ್ದರು. "ಸಾರ್ ಎಲ್ಲಿ?" ಎಂದರು. "ಹೊರಗಿದಾರೆ" ಎಂದೆ. "ಕರೀಲಾ?" ಎಂದರು, ಅವರಿಗೂ ಅಭ್ಯಾಸವಾಗಿಬಿಟ್ಟಿದೆ. "ಬೇಡ" ಎಂದೆ. ಏನು ಕೇಳಬೇಕೆಂದು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಅದನ್ನು ಮಡಿಸುತ್ತ ಬಿಡಿಸುತ್ತ ಕೂತಿದ್ದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಕಾದರು. ಹೊರಗೆ ಯಾರೋ ಬಾಗಿಲು ಬಡಿದರೂ ಏಳಲಿಲ್ಲ. "ಎಂಟು ತಿಂಗಳ ಹಿಂದೆ ಕೇಳ್ಬೇಕಾಗಿತ್ತು ನೀನು. ನಾನು ಮೂರು ವರ್ಷದ ಹಿಂದೆ ಹೇಳ್ಬೇಕಾಗಿತ್ತು" ಎಂದರು. ಆಮೇಲೆ ಕೇಳಿದೆ.

ಕ್ರಿಯಾಟಿನಿನ್ ಒಂದು ಪಾಯಿಂಟ್ ಏಳು. ಎರಡು ಸಲ ಅಷ್ಟೇ ಬಂದಿದೆ, ನಿಂತಿದೆ. ಮೂತ್ರಪಿಂಡ ಉಳಿಯಿತು. ಮೊದಲಿನಷ್ಟು ಬಲ ಇಲ್ಲ, ಹೋದ ಬಲ ಮತ್ತೆ ಬರುವುದಿಲ್ಲ. ಎಷ್ಟು ವರ್ಷ ಬರುತ್ತದೆ ಎಂದು ಕೇಳಿದೆ. ಸುಳ್ಳು ಹೇಳಲಿಲ್ಲ, "ಗೊತ್ತಿಲ್ಲ" ಎಂದರು. ಒಂದು ವರ್ಷ ಇದು ಹೀಗೇ ನಿಂತರೆ, ರಕ್ತದೊತ್ತಡವೂ ಹತೋಟಿಯಲ್ಲಿದ್ದರೆ, ಎರಡನೆಯ ಮಾತ್ರೆ ತೆಗೆದು ಅಜಥಯೋಪ್ರಿನ್ ಕೊಟ್ಟು ನೋಡಬಹುದಂತೆ. ಆಮೇಲೆ ಮಗು. ಆಗಲೂ ಅಪಾಯವಿದೆ. ಮಗು ತಿಂಗಳು ತುಂಬುವ ಮೊದಲೇ, ಚಿಕ್ಕದಾಗಿ ಹುಟ್ಟಬಹುದು. ಉಳಿದಿರುವ ಬಲವೂ ಹೋಗಿ ನಾನು ಮತ್ತೆ ಡಯಾಲಿಸಿಸ್ಸಿಗೆ ಬರಬಹುದು. ಎರಡನ್ನೂ ಬಿಡಿಸಿ ಹೇಳಿ, "ಈಗಲೇ ಉತ್ತರ ಬೇಡ, ಯೋಚ್ನೆ ಮಾಡು" ಎಂದರು.

ಹೊರಗೆ ಬಂದಾಗ ನೀವು ಏನೂ ಕೇಳಲಿಲ್ಲ. ಚಹಾ ಕುಡಿದೆವು, ಬಾಳೆಹಣ್ಣು ಕರಿದ ಪಳಂಪೊರಿ ತಿಂದೆವು, ಸ್ಟೇಷನ್ನಿನಲ್ಲಿ ಮುಕ್ಕಾಲು ಗಂಟೆ ಕೂತೆವು. ನೀವು ಕೇಳಲಿಲ್ಲ. ರೈಲು ತಡವಾದದ್ದಕ್ಕೆ ಯಾರನ್ನೂ ಬೈಯಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ ನೀವು ಅಲ್ಲೇ ಏನಾದರೂ ಅನ್ನುತ್ತಿದ್ದಿರಿ, ನಾನು ಅದಕ್ಕೆ ಹೂಂ ಅನ್ನುತ್ತಿದ್ದೆ.

ಮೂರು ದಿನ ಯೋಚಿಸಿದೆ. ವಿನೀಷನ ಜೊತೆ ಜಗಳವೂ ಆಯಿತು, ಅವನಿಗೆ ಭಯ. ಒಂದು ವರ್ಷ ಕಾಯುತ್ತೇನೆ, ಒಂದು ಮಾತ್ರೆಯೂ ತಪ್ಪುವುದಿಲ್ಲ. ಆ ಒಂದು ವರ್ಷ ನಿಂತರೆ, ಬದಲಾಯಿಸಿ ಕೊಡಿ ಎಂದು ಕೇಳುತ್ತೇನೆ.

ನಿಮಗೆ ಇದು ಬೇಡ ಎನ್ನಿಸುತ್ತದೆ ಎಂದು ಗೊತ್ತು. ಯಾಕೆ ಬೇಡ ಎಂದು ಬರೆದು ಕಳಿಸಿ. ಎಷ್ಟು ಪುಟವಾದರೂ ಸರಿ, ಓದುತ್ತೇನೆ.

ನಿಮ್ಮ
ಪ್ರಜಿಷಾ